ಅಂತ್ಯ ಬದಲಿಸುವ ಹಕ್ಕು ಯಾರದು?

ಹಳೆಯ ಸಿನಿಮಾದ ಹಕ್ಕುಪತ್ರ ಕೈಯಲ್ಲಿದ್ದರೆ ಅದನ್ನು ಎಐಗೆ ಕೊಟ್ಟು ಏನು ಬೇಕಾದರೂ ಮಾಡಿಸಬಹುದು ಎಂಬ ನಂಬಿಕೆ ಮುಂಬೈ ಚಿತ್ರೋದ್ಯಮದಲ್ಲಿ ಬೇರುಬಿಡುತ್ತಿದೆ. ಕಾನೂನಿನ ಲೆಕ್ಕದಲ್ಲಿ ಈ ನಂಬಿಕೆ ದುರ್ಬಲ. ಕಲಾವಿದರ ಪಾಲಿಗೆ ಅನ್ಯಾಯ.

2013ರ ‘ರಾಂಝಣಾ’ ಚಿತ್ರದ ಕೊನೆಯಲ್ಲಿ ಧನುಷ್ ವಹಿಸಿದ ಕುಂದನ್ ಪಾತ್ರ ಸಾಯುತ್ತದೆ. 2025ರ ಆಗಸ್ಟ್ 1ರಂದು ಮರುಬಿಡುಗಡೆಯಾದ ಅದರ ತಮಿಳು ಅವತರಣಿಕೆ ‘ಅಂಬಿಕಾಪತಿ’ಯಲ್ಲಿ ಅದೇ ಕುಂದನ್ ಆಸ್ಪತ್ರೆಯಲ್ಲಿ ಕಣ್ಣು ತೆರೆಯುತ್ತಾನೆ. ಆ ಕಣ್ಣು ತೆರೆದದ್ದು ಧನುಷ್ ಅಲ್ಲ, ಎಐ ತಂತ್ರಾಂಶ. ನಿರ್ದೇಶಕ ಆನಂದ್ ಎಲ್. ರೈ ಮತ್ತು ಧನುಷ್ ಇಬ್ಬರೂ ಬಹಿರಂಗವಾಗಿ ಪ್ರತಿಭಟಿಸಿದರು. ಹಕ್ಕುದಾರ ಸಂಸ್ಥೆ ಎರೋಸ್, ಕೃತಿಸ್ವಾಮ್ಯ ತನ್ನದೇ, ನಿರ್ದೇಶಕರು ನೈತಿಕ ಹಕ್ಕುಗಳನ್ನು ಒಪ್ಪಂದದಲ್ಲೇ ಬಿಟ್ಟುಕೊಟ್ಟಿದ್ದಾರೆ ಎಂದು ಸಮರ್ಥಿಸಿಕೊಂಡಿತು.

ನಿರ್ದೇಶಕರ ಮಟ್ಟಿಗೆ ಈ ವಾದಕ್ಕೆ ಕಾಯ್ದೆಯ ಆಸರೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಿನಿಮಾದ ಕರ್ತೃ ನಿರ್ಮಾಪಕ. ಕೃತಿಯನ್ನು ವಿರೂಪಗೊಳಿಸದಂತೆ ತಡೆಯುವ ನೈತಿಕ ಹಕ್ಕನ್ನು ಕೊಡುವ 57ನೇ ಸೆಕ್ಷನ್ ಕರ್ತೃವಿಗೆ ಮಾತ್ರ ಅನ್ವಯ. ವರ್ಷಗಟ್ಟಲೆ ದುಡಿದು ಚಿತ್ರ ಕಟ್ಟಿದ ನಿರ್ದೇಶಕರಿಗೆ ಅಲ್ಲಿ ಜಾಗವೇ ಇಲ್ಲ. ಮುಖ್ಯ ನಿರ್ದೇಶಕರನ್ನೂ ಸಹಕರ್ತೃ ಎಂದು ಮಾನ್ಯ ಮಾಡುವ ಪ್ರಸ್ತಾವ 2010ರ ತಿದ್ದುಪಡಿ ಮಸೂದೆಯಲ್ಲಿತ್ತು. 2012ರಲ್ಲಿ ಮಸೂದೆ ಅಂಗೀಕಾರವಾಗುವ ಹೊತ್ತಿಗೆ ಅದನ್ನು ಕೈಬಿಡಲಾಗಿತ್ತು. ಅಂದಿನ ಆ ತಪ್ಪಿಗೆ ಇಂದು ನಿರ್ದೇಶಕರು ಬೆಲೆ ತೆರುತ್ತಿದ್ದಾರೆ.

ನಟರ ವಿಷಯ ಬೇರೆ. ಅದೇ 2012ರ ತಿದ್ದುಪಡಿ ತಂದ 38ಬಿ ಸೆಕ್ಷನ್, ಹಕ್ಕುಗಳನ್ನು ವರ್ಗಾಯಿಸಿದ ಮೇಲೂ ತಮ್ಮ ಹೆಸರಿಗೆ ಕುಂದು ತರುವಂತೆ ಅಭಿನಯವನ್ನು ತಿರುಚುವುದನ್ನು ತಡೆಯುವ ಅಧಿಕಾರವನ್ನು ಕಲಾವಿದರಿಗೆ ಕೊಡುತ್ತದೆ. ಸಂಕಲನಕ್ಕಾಗಿ ತುಣುಕು ಕತ್ತರಿಸುವುದಕ್ಕೆ, ಶುದ್ಧ ತಾಂತ್ರಿಕ ಬದಲಾವಣೆಗೆ ಅದರಲ್ಲಿ ವಿನಾಯಿತಿ ಇದೆ. ನಟ ಮಾಡದ ಅಭಿನಯವನ್ನು ಹೊಸದಾಗಿ ಸೇರಿಸುವುದು ಕತ್ತರಿಸಿದಂತೆ ಹೇಗಾದೀತು? ಬಾಂಬೆ ಹೈಕೋರ್ಟಿನ ನಿಲುವೂ ಎಚ್ಚರಿಕೆಯ ಗಂಟೆ. 2024ರ ಜುಲೈನಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ, 2025ರ ಸೆಪ್ಟೆಂಬರ್‌ನಲ್ಲಿ ಆಶಾ ಭೋಸ್ಲೆ ಅವರ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಎಐ ಮೂಲಕ ದನಿ ನಕಲು ಮಾಡುವುದು ವ್ಯಕ್ತಿತ್ವದ ಹಕ್ಕಿನ ಉಲ್ಲಂಘನೆ ಎಂದು ಅದು ಮಧ್ಯಂತರ ರಕ್ಷಣೆ ನೀಡಿತು.

ಕಥೆಗಾರರ, ಗೀತರಚನಕಾರರ ಹಳೆಯ ಒಪ್ಪಂದಗಳಲ್ಲಿ ಇನ್ನೊಂದು ತೊಡಕಿದೆ. ಒಪ್ಪಂದದ ದಿನ ಬಳಕೆಯಲ್ಲಿರದಿದ್ದ ಮಾಧ್ಯಮಕ್ಕೆ ಅಥವಾ ವಿಧಾನಕ್ಕೆ, ಸ್ಪಷ್ಟವಾಗಿ ಹೆಸರಿಸದ ಹೊರತು, ಹಕ್ಕು ವರ್ಗಾವಣೆ ಅನ್ವಯಿಸದು ಎನ್ನುತ್ತದೆ ಅದೇ ಕಾಯ್ದೆಯ 18ನೇ ಸೆಕ್ಷನ್. ‘ಸಕಲ ಹಕ್ಕುಗಳು’ ಎಂಬ ಹಳೆಯ ಒಕ್ಕಣೆಯಲ್ಲಿ ಎಐ ಕೂಡ ಸೇರಿತ್ತು ಎನ್ನುವ ವಕೀಲರ ಸಲಹೆಯನ್ನು ಕಂಪನಿಗಳು ಅನುಮಾನದಿಂದಲೇ ನೋಡಬೇಕು. ಕನ್ನಡದ ಹಳೆಯ ಚಿತ್ರಗಳ ಹಕ್ಕು ಕೊಂಡಿರುವವರಿಗೂ ಈ ಮಾತು ಸಲ್ಲುತ್ತದೆ.

ಇಷ್ಟೆಲ್ಲ ಅಪಾಯ ಮೈಮೇಲೆಳೆದುಕೊಂಡು ಪಡೆದ ಹೊಸ ದೃಶ್ಯವಾದರೂ ಕಂಪನಿಯ ಸ್ವತ್ತೇ? ಭಾರತದಲ್ಲಿ ಕಂಪ್ಯೂಟರ್ ಸೃಷ್ಟಿಸಿದ ಕೃತಿಗೆ ಅದನ್ನು ಮಾಡಿಸಿದ ವ್ಯಕ್ತಿಯೇ ಕರ್ತೃ. ಅಮೆರಿಕದಲ್ಲಿ ಮಾತ್ರ ಮನುಷ್ಯ ಕರ್ತೃವಿಲ್ಲದ ಕೃತಿಗೆ ಕೃತಿಸ್ವಾಮ್ಯವೇ ಇಲ್ಲವೆಂದು 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಹೊರದೇಶದ ಮಾರುಕಟ್ಟೆಯನ್ನೂ ನೆಚ್ಚಿಕೊಂಡ ಉದ್ಯಮಕ್ಕೆ ಇದು ಸಣ್ಣ ವಿಷಯವಲ್ಲ.

ಎಚ್ಚರದ ದಾರಿ ಕಷ್ಟದ್ದೇನಲ್ಲ. ನೆಟ್‌ಫ್ಲಿಕ್ಸ್ 2025ರಲ್ಲಿ ತನ್ನ ನಿರ್ಮಾಣ ಪಾಲುದಾರರಿಗೆ ಲಿಖಿತ ನಿಯಮ ಕೊಟ್ಟಿತು: ಬೇರೆಯವರ ಕೃತಿಯನ್ನು ಹೋಲುವಂಥದ್ದು ಬೇಡ, ಚಿತ್ರದ ಸಾಮಗ್ರಿಯಿಂದ ಎಐ ಕಲಿಯಬಾರದು, ಒಪ್ಪಿಗೆಯಿಲ್ಲದೆ ಕಲಾವಿದರ ಅಭಿನಯವನ್ನು ಬದಲಿಸಬಾರದು. ಆದರೆ ಮಾರ್ಗಸೂಚಿ ಬರೆದು ಸುಮ್ಮನಾಗುವ, ನಷ್ಟ ಪರಿಹಾರದ ಷರತ್ತೊಂದನ್ನು ಸೇರಿಸಿ ಹೊಣೆಯನ್ನೆಲ್ಲ ಗುತ್ತಿಗೆಯ ಗ್ರಾಫಿಕ್ಸ್ ಕಲಾವಿದರ, ಡಬ್ಬಿಂಗ್ ದನಿಗಾರರ ತಲೆಗೆ ಕಟ್ಟುವ ಚಾಳಿ ಸಲ್ಲದು. ಲಾಭ ಯಾರದೋ ಹೊಣೆಯೂ ಅವರದೇ ಆಗಬೇಕು. ಯಾವ ತಂತ್ರಾಂಶ ಬಳಸಲಾಯಿತು, ಏನನ್ನು ಉಣಿಸಲಾಯಿತು, ಯಾರ ಸಹಿ ಪಡೆಯಲಾಯಿತು ಎಂಬ ದಾಖಲೆ ಕಂಪನಿಯ ಕಡತದಲ್ಲೇ ಇರಬೇಕು.

ನಿರ್ದೇಶಕ, ಲೇಖಕ, ನಟರ ಲಿಖಿತ ಒಪ್ಪಿಗೆಯಿಲ್ಲದೆ ಹಳೆಯ ಚಿತ್ರದ ಒಂದು ದೃಶ್ಯವನ್ನೂ ಎಐನಿಂದ ಬದಲಿಸಕೂಡದು. 2012ರಲ್ಲಿ ಕೈಬಿಟ್ಟ ನಿರ್ದೇಶಕರ ಸಹಕರ್ತೃತ್ವವನ್ನು ಸಂಸತ್ತು ಈಗಲಾದರೂ ಕಾಯ್ದೆಗೆ ಸೇರಿಸಬೇಕು.