ಯಾರಿಗೆ ಯಾವ ಪಾರ್ಟು?

ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದ ಒಂದು ಷರಾ ಈಗಲೂ ನನ್ನನ್ನು ಚುಚ್ಚುತ್ತದೆ: ‘ಪಾತ್ರ ಹಂಚಿಕೆ ಸೂಕ್ತವಾಗಿದೆ.’ ಧಾರವಾಡದ ಹೊರಗೆ, ಹೆದ್ದಾರಿ ಬದಿಯ ಬೇಲೂರು ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಒಂದು ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ಬರೆದಿದ್ದೆ.

ಬೋಧನಾಭ್ಯಾಸಕ್ಕೆ ಹೋಗಿದ್ದ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬಳು ಅಂದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನಾಟಕವಾಗಿ ಆಡಿಸುತ್ತಿದ್ದಳು. ತರಗತಿಯಲ್ಲಿ ಸುತ್ತಲಿನ ಹಳ್ಳಿಗಳ ರೈತರ ಮಕ್ಕಳಿದ್ದರು, ಕಾರ್ಖಾನೆಗಳ ಕೆಲಸಕ್ಕೆಂದು ದೂರದಿಂದ ಬಂದವರ ಮಕ್ಕಳೂ ಇದ್ದರು. ಪಾಠಯೋಜನೆ ಅಚ್ಚುಕಟ್ಟಾಗಿತ್ತು, ಮುಖವಾಡಗಳು ಚಂದವಿದ್ದವು. ಪಾತ್ರ ಹಂಚಲು ಆಕೆಗೆ ಮೂರು ನಿಮಿಷ ಸಾಕಾಯಿತು. ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಹುಡುಗ ಜೋಗಿಯಾದ, ತರಗತಿಯ ಮಾನಿಟರ್ ಗೌಡನಾದ. ಮನೆಯಲ್ಲಿ ಹಿಂದಿ ಆಡುವ ಮೂವರು ಹುಡುಗಿಯರು ಇಲಿಗಳಾದರು, ಇಲಿಗಳಿಗೆ ಮಾತಿಲ್ಲವಲ್ಲ. ಕತೆಯ ಕೊನೆಗೆ ಎಲ್ಲ ಮಕ್ಕಳೂ ಜೋಗಿಯ ಹಿಂದೆ ಬೆಟ್ಟದೊಳಗೆ ಹೋದಾಗ ಊರಿನಲ್ಲಿ ಒಬ್ಬನೇ ಉಳಿಯುವ ಕುಂಟ ಹುಡುಗನ ಪಾತ್ರ ಯಾರಿಗೆ ಹೋಯಿತೆಂದು ಓದುಗರು ಊಹಿಸಿರಬಹುದು. ಆ ತರಗತಿಯಲ್ಲಿ ಒಂದು ಕಾಲು ಎಳೆದು ನಡೆಯುವ ಹುಡುಗನೊಬ್ಬನಿದ್ದ.

“ನಾ ಇಲಿ ಆಗ್ತೀನ್ರಿ ಅಕ್ಕಾರ” ಅಂದ ಅವನು.

“ಬ್ಯಾಡೋ, ನಿನಗ ಇದ ಛಲೋ ಒಪ್ತೈತಿ” ಅಂದಳು ಆಕೆ, ಅಕ್ಕರೆಯಿಂದಲೇ. ಹುಡುಗ ಮರುಮಾತಾಡಲಿಲ್ಲ. ನಾಟಕ ಚೆನ್ನಾಗಿ ಆಯಿತು, ಮಕ್ಕಳು ಚಪ್ಪಾಳೆ ತಟ್ಟಿದರು, ನಾನು ಷರಾ ಬರೆದೆ.

ಸಂಜೆ ಬಸ್ಸಿಗೆ ಕಾಯುತ್ತ ನಿಂತಾಗ ಹೊಳೆಯಿತು. ಆ ಕತೆಯಲ್ಲಿ ಇಲಿಗಳಾದವರು ಗುಂಪುಗುಂಪಾಗಿ ಓಡಬಹುದು, ಒಬ್ಬರ ಮೇಲೊಬ್ಬರು ಬೀಳಬಹುದು, ಕೊನೆಗೆ ಹೊಳೆಗೆ ಹಾರಬಹುದು. ಅವನು ಕೇಳಿದ್ದು ಅದನ್ನು. ನಾವು ಕೊಟ್ಟದ್ದು ಆಟದ ಬಯಲಿನಲ್ಲಿ ಅವನು ದಿನಾ ಮಾಡುವ ಕೆಲಸವನ್ನೇ: ಎಲ್ಲರೂ ಓಡಿಹೋದ ಮೇಲೆ ಹಿಂದೆ ಉಳಿಯುವುದು.

ತಪ್ಪನ್ನು ಪ್ರಶಿಕ್ಷಣಾರ್ಥಿಯ ಮೇಲೆ ಹೊರಿಸುವುದು ಸರಿಯಲ್ಲ. ಸಮನ್ವಯ ಶಿಕ್ಷಣದ ಬಗ್ಗೆ ಪರೀಕ್ಷೆಯಲ್ಲಿ ಐದು ಪುಟ ಬರೆಯಬಲ್ಲ ಹುಡುಗಿ ಆಕೆ. ಪಾತ್ರ ಮಗುವಿಗೆ ‘ಒಪ್ಪಬೇಕು’ ಎಂದು ಹೇಳಿಕೊಟ್ಟವರು ನಾವು. ಈ ನಿಯಮವನ್ನು ನಾವು ರಂಗಭೂಮಿಯಿಂದ ತಂದೆವೆಂದು ಭಾವಿಸಿದ್ದೇವೆ. ಆದರೆ ಅರ್ಧ ಮಾತ್ರ ತಂದು, ಉಳಿದರ್ಧವನ್ನು ಅಲ್ಲೇ ಬಿಟ್ಟು ಬಂದಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಧಾರವಾಡದಲ್ಲಿ ಇದ್ದುಕೊಂಡು ರಂಗಭೂಮಿ ಗೊತ್ತಿಲ್ಲ ಎನ್ನುವಂತಿಲ್ಲ. ರಂಗಾಯಣದಂಥ ರೆಪರ್ಟರಿ ಹೊಸ ನಾಟಕ ಕೈಗೆತ್ತಿಕೊಂಡಾಗ ನಿರ್ದೇಶಕ ಕಲಾವಿದರ ದನಿ, ಮೈಕಟ್ಟು, ಹಾಡುಗಾರಿಕೆ ಎಲ್ಲವನ್ನೂ ಅಳೆಯುತ್ತಾನೆ. ಅಳೆಯಲೇಬೇಕು. ಎದುರಿಗೆ ಪ್ರೇಕ್ಷಕರಿದ್ದಾರೆ, ನಾಟಕ ಗೆಲ್ಲಬೇಕು. ಆದರೆ ಅಲ್ಲಿಯೂ ಒಪ್ಪುವುದು ಎಂದರೆ ಹುಟ್ಟಿನಿಂದ ಬಂದ ಮೈಯಷ್ಟೇ ಅಲ್ಲ. 1914ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ಹರೆಯದಲ್ಲಿ ಸೀರೆಯುಟ್ಟು ಸ್ತ್ರೀ ಪಾರ್ಟು ಮಾಡಿದವರು. ಮುಂದೆ ಅವರೇ ಬಸವೇಶ್ವರನೂ ಆದರು. ‘ನಿನಗಿದು ಒಪ್ಪುವುದಿಲ್ಲ’ ಎಂದು ಮೈ ನೋಡಿ ಅವರನ್ನು ತಡೆದಿದ್ದರೆ ನಮ್ಮ ಕಂಪನಿ ನಾಟಕದ ಚರಿತ್ರೆಯೇ ಬೇರೆಯಾಗುತ್ತಿತ್ತು. ಅವರಿಗೆ ಆ ಒಪ್ಪು ಬಂದದ್ದು ತಾಲೀಮಿನಿಂದ.

ನಮ್ಮ ಹಳ್ಳಿಗಳ ಜಾತ್ರೆ ನಾಟಕದ ರೀತಿ ಇನ್ನೊಂದು. ನಟಿಯರನ್ನು ಹೊರಗಿನಿಂದ ಕರೆಸುತ್ತಾರೆ, ಗಂಡು ಪಾರ್ಟುಗಳನ್ನು ಊರ ಹುಡುಗರೇ ಹಂಚಿಕೊಳ್ಳುತ್ತಾರೆ. ಎಷ್ಟೋ ಕಡೆ ಹೆಚ್ಚು ವಂತಿಗೆ ಕೊಟ್ಟವನೇ ಹೀರೋ. ಶಿಕ್ಷಿತರಾದ ನಮಗೆ ಇದು ನಗೆಪಾಟಲು. ಆದರೆ ಆ ಲೆಕ್ಕದಲ್ಲಿ, ಕೈಯಲ್ಲಿ ನಾಲ್ಕು ಕಾಸಿದ್ದರೆ, ಕಾಲೆಳೆದು ನಡೆಯುವವನೂ ರಾಜನಾಗಬಹುದು! ನಮ್ಮ ತರಗತಿಯಲ್ಲಿ ಅಷ್ಟೂ ಇಲ್ಲ.

ಪ್ರತಿಭೆ ಇದ್ದವನಿಗೆ ಪಾತ್ರ ಕೊಡುವುದು ತಪ್ಪೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಧಾರವಾಡದ ಮಗ್ಗುಲಿನ ಮನಸೂರಿನ ಮಲ್ಲಿಕಾರ್ಜುನನ ಉದಾಹರಣೆಯನ್ನೂ ಅವರೇ ಕೊಟ್ಟರು. ಒಂಬತ್ತರ ವಯಸ್ಸಿಗೆ ಅಣ್ಣನ ನಾಟಕ ಮಂಡಳಿಯಲ್ಲಿ ಸಣ್ಣ ಪಾರ್ಟು ಮಾಡಿದ ಹುಡುಗ, ಆಟದಲ್ಲಿ ಹಾಡುತ್ತಿದ್ದಾಗ ಅಪ್ಪಯ್ಯಸ್ವಾಮಿಗಳ ಕಿವಿಗೆ ಬಿದ್ದ, ಅವರಲ್ಲಿ ಕರ್ನಾಟಕ ಸಂಗೀತ ಕಲಿತ, ಆಮೇಲೆ ಮಿರಜಿಗೆ ನೀಲಕಂಠಬುವಾ ಅವರಲ್ಲಿಗೆ ಹೋದ. ನಿಜ. ಆದರೆ ನನಗೆ ಈ ಕತೆ ಬೇರೆಯದೇ ಹೇಳುತ್ತದೆ. ಅವನ ದನಿ ಗುರುವಿನ ಕಿವಿಗೆ ಬಿದ್ದದ್ದು ಅವನನ್ನು ರಂಗದ ಮೇಲೆ ನಿಲ್ಲಿಸಿ ಹಾಡಲು ಬಿಟ್ಟದ್ದರಿಂದ. ಬಾಯಿ ತೆರೆಯುವ ಮೊದಲೇ ಯಾರಲ್ಲಿ ಏನಿದೆ ಎಂದು ತೀರ್ಮಾನಿಸುವ ನಾವು ಯಾವ ದನಿಯನ್ನು ಕೇಳಿಸಿಕೊಂಡೇವು? ಆ ಮೂವರು ಇಲಿಹುಡುಗಿಯರಲ್ಲಿ ಒಬ್ಬಳ ದನಿಯನ್ನೂ ನಾನು ಅಂದು ಕೇಳಲಿಲ್ಲ.

ನಾವು ಬಿಟ್ಟು ಬಂದ ಅರ್ಧ ಯಾವುದೆಂದು ನೋಡಬೇಕಾದರೆ ಹೆಗ್ಗೋಡಿನ ನೀನಾಸಂ ತಿರುಗಾಟವನ್ನು ನೋಡಬೇಕು. 1985ರಲ್ಲಿ ಶುರುವಾದ ಆ ಸಂಚಾರದಲ್ಲಿ ಒಂದೇ ತಂಡ ಒಂದಕ್ಕಿಂತ ಹೆಚ್ಚು ನಾಟಕಗಳನ್ನು ಹೊತ್ತು ಊರೂರು ಸುತ್ತುತ್ತದೆ. ಇವತ್ತು ಮುಖ್ಯ ಪಾತ್ರ ಮಾಡಿದವನು ನಾಳೆಯ ನಾಟಕದಲ್ಲಿ ಗುಂಪಿನಲ್ಲಿ ನಿಲ್ಲುತ್ತಾನೆ, ಆಟ ಮುಗಿದ ಮೇಲೆ ರಂಗಸಜ್ಜಿಕೆ ಬಿಚ್ಚುವುದಕ್ಕೂ ಕೈಹಾಕುತ್ತಾನೆ. ರೆಪರ್ಟರಿಯ ಜೀವಾಳವೇ ಇದು. ಅಲ್ಲಿ ಪಾತ್ರ ನಾಟಕದ ಜೊತೆಗೆ ಬದಲಾಗುತ್ತದೆ. ಶಾಲೆಯಲ್ಲಿ ಒಮ್ಮೆ ಜೋಗಿಯಾದವನು ಏಳು ವರ್ಷವೂ ಜೋಗಿ, ಒಮ್ಮೆ ಮರವಾದವಳು ಬೀಳ್ಕೊಡುಗೆಯ ದಿನದವರೆಗೂ ಮರ.

ವಾರ್ಷಿಕೋತ್ಸವದ ನಾಟಕದ ಕಷ್ಟ ನನಗೆ ಗೊತ್ತು. ಪಾಲಕರು, ಎಸ್‌ಡಿಎಂಸಿ ಸದಸ್ಯರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ, ಮಾತು ಮರೆತರೆ ಮುಖ್ಯೋಪಾಧ್ಯಾಯರ ಮುಖ ಕೆಂಪಾಗುತ್ತದೆ. ಅಲ್ಲಿ ಒಂದಿಷ್ಟು ಆಯ್ಕೆ ನಡೆಯಲಿ. ಆದರೆ ತರಗತಿಯ ನಾಟಕಕ್ಕೆ ಪ್ರೇಕ್ಷಕರೆಲ್ಲಿ? ಹಿಂದಿನ ಬೆಂಚಿನಲ್ಲಿರುವ ಮೇಲ್ವಿಚಾರಕ ಒಬ್ಬನೇ. ಅವನನ್ನು ಮೆಚ್ಚಿಸಲು ಪ್ರಶಿಕ್ಷಣಾರ್ಥಿಗಳು ಜಾಣ ಮಕ್ಕಳನ್ನೇ ಆರಿಸುತ್ತಾರೆ. ಪಾಠ ಸಲೀಸಾಗಿ ಸಾಗಿದರೆ ಅಂಕ ಕೊಡುವವರು ನಾವೇ ಆದ್ದರಿಂದ ಆ ಆಯ್ಕೆಯಲ್ಲಿ ನಮ್ಮ ಕೈಯೂ ಇದೆ.

ಎರಡು ವರ್ಷದ ಬಿ.ಎಡ್. ಬಂದ ಮೇಲೆ ಶಿಕ್ಷಣದಲ್ಲಿ ನಾಟಕ ಮತ್ತು ಕಲೆ ಎಂಬುದೇ ಒಂದು ವಿಷಯವಾಗಿದೆ. ಎಷ್ಟೋ ಕಡೆ ಅದು ಫೋಟೋ ಅಂಟಿಸಿದ ಫೈಲಾಗಿ ಮುಗಿಯುತ್ತದೆ. ಆ ಅವಧಿಯಲ್ಲಿ ಪ್ರಶಿಕ್ಷಣಾರ್ಥಿಗಳೇ ಒಂದು ಸಣ್ಣ ನಾಟಕ ಆಡಲಿ, ಬೇಡವಾದ ಪಾತ್ರ ತಮಗೇ ಬಂದಾಗ ಹೇಗನ್ನಿಸುತ್ತದೆ ಎಂದು ಬರೆಯಲಿ. ಕಳೆದ ತಿಂಗಳು ನಮ್ಮಲ್ಲಿ ಹೀಗೆ ಮಾಡಿಸಿದೆ. ಬಾಗಿಲು ಕಾಯುವವನ ಪಾತ್ರ ಸಿಕ್ಕ ಒಬ್ಬಾತ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನ ವಯಸ್ಸು ಇಪ್ಪತ್ನಾಲ್ಕು.

ತರಗತಿಯಲ್ಲಿ ಮಾಡಬಹುದಾದದ್ದು ದೊಡ್ಡ ಕೆಲಸವೇನಲ್ಲ. ಪಾತ್ರ ಹಂಚುವುದನ್ನು ಮುಂದೂಡಿದರೆ ಸಾಕು. ಮೊದಲ ಅವಧಿಯಲ್ಲಿ ಯಾರಿಗೂ ಯಾವ ಪಾತ್ರವೂ ಬೇಡ. ಪುಟ ತಿರುಗಿದಂತೆ ಜೋಗಿಯ ಮಾತು ಒಬ್ಬರಿಂದ ಒಬ್ಬರಿಗೆ ದಾಟಲಿ. ಕನ್ನಡ ತೊದಲುವ ಮಗು ತೊದಲಿಯೇ ಗೌಡನಾಗಲಿ, ಹಿಂದಿಯಲ್ಲಿ ಬೈಯುವ ಗೌಡನಿಂದ ಬೊಮ್ಮನಹಳ್ಳಿಗೆ ನಷ್ಟವೇನೂ ಇಲ್ಲ. ಆಮೇಲೆ ಮಕ್ಕಳು ತಮಗೆ ಬೇಕಾದ ಪಾತ್ರವನ್ನು ಚೀಟಿಯಲ್ಲಿ ಬರೆದು ಕೊಡಲಿ. ಎಲ್ಲರ ಆಸೆಯೂ ಈಡೇರದು. ಆದರೆ ಯಾರ ಆಸೆಯನ್ನು ಮೀರಿ ನಡೆಯುತ್ತಿದ್ದೇನೆ ಎಂಬುದು ಶಿಕ್ಷಕಿಗೆ ಗೊತ್ತಿರುತ್ತದೆ, ಮುಂದಿನ ಸಲ ಆ ಮಗುವಿನ ಸರದಿ ಎಂದು ಗುರುತು ಹಾಕಿಕೊಳ್ಳಬಹುದು. ಮಗುವಿನ ದೇಹದ ಕೊರತೆಯನ್ನೇ ತೋರಿಸುವ ಪಾತ್ರವನ್ನಂತೂ ಅದು ತಾನಾಗಿ ಕೇಳದ ಹೊರತು ಕೊಡಕೂಡದು. ಈ ಒಂದು ವಿಷಯದಲ್ಲಿ ನಾನು ಚರ್ಚೆಗೆ ಸಿದ್ಧನಿಲ್ಲ.

ಮರುವಾರ ಅದೇ ಶಾಲೆಗೆ ಹೋದಾಗ ಆ ಪದ್ಯ ಮುಗಿದು ವ್ಯಾಕರಣ ಶುರುವಾಗಿತ್ತು. ಪ್ರಶಿಕ್ಷಣಾರ್ಥಿಗೆ ನನ್ನ ಷರಾ ತಪ್ಪೆಂದು ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಅವಾ ಇಲಿ ಆಗ್ತೀನಿ ಅಂದಿದ್ದು ನನಗ ನೆನಪೈತ್ರಿ ಸರ” ಅಂದಳು. ಈ ವರ್ಷ ವೀಕ್ಷಣಾ ಪುಸ್ತಕದ ‘ಪಾತ್ರ ಹಂಚಿಕೆ’ ಕಾಲಮ್ಮಿನ ಪಕ್ಕದಲ್ಲಿ ಎರಡು ಪ್ರಶ್ನೆಗಳನ್ನು ನಾನೇ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದೇನೆ: ಈ ಪಾತ್ರವನ್ನು ಮಗು ಕೇಳಿತ್ತೇ? ಕಳೆದ ಸಲ ಅದಕ್ಕೆ ಸಿಕ್ಕ ಪಾತ್ರ ಯಾವುದು?