ಸುಮ್ಮನಿದ್ದಳು ಅಂದರೆ ಒಪ್ಪಿದಳು ಅಂತಲ್ಲ!

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಅಪ್ಪ-ಅಮ್ಮಂದಿರೇ, ಮೇಷ್ಟ್ರುಗಳೇ, ಕಾಲೇಜಿನ ಹುಡುಗ ಹುಡುಗಿಯರೇ,

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ತಲೆ ತಗ್ಗಿಸಿ ಕೂತರೆ ಹಿರಿಯರೊಬ್ಬರು "ಮೌನಂ ಸಮ್ಮತಿ ಲಕ್ಷಣಂ" ಎಂದು ನಗುತ್ತಾರೆ. ಕೇಸರಿಬಾತಿನ ತಟ್ಟೆ ಖಾಲಿಯಾಗುತ್ತದೆ, ಮದುವೆ ಗೊತ್ತಾಗುತ್ತದೆ. ಅವಳನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಇದನ್ನೇ ನೋಡುತ್ತ ಬೆಳೆದ ಹುಡುಗ, ಬಸ್ ಸ್ಟಾಂಡಿನಲ್ಲಿ ಹುಡುಗಿ ಹೆದರಿ ಬಾಯಿ ಬಿಡದೆ ನಿಂತರೆ ಏನೆಂದುಕೊಳ್ಳುತ್ತಾನೆ? ಬೇಡ ಅಂದರೂ ಬೆನ್ನು ಬಿಡದವನೇ ಹೀರೋ ಎಂದು ಸಿನಿಮಾ ಬೇರೆ ಹೇಳಿಕೊಟ್ಟಿದೆ.

ಕಾನೂನು ಹೇಳುವುದೇ ಬೇರೆ. ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿ ಒಪ್ಪಿಗೆ ಎಂದರೆ ಮಾತಿನಲ್ಲೋ ಸನ್ನೆಯಲ್ಲೋ ಸ್ಪಷ್ಟವಾಗಿ, ಸ್ವಂತ ಇಚ್ಛೆಯಿಂದ, ಇಂಥದ್ದಕ್ಕೇ ಎಂದು ಕೊಟ್ಟದ್ದು. ಕೊಸರಾಡಲಿಲ್ಲ ಎಂಬುದಷ್ಟೇ ಒಪ್ಪಿಗೆಯಲ್ಲ. ಬೈಕ್ ಹತ್ತಿ ನಂದಿಬೆಟ್ಟಕ್ಕೆ ಬಂದಳು ಎಂದರೆ ನಂದಿಬೆಟ್ಟಕ್ಕೆ ಬಂದಳು, ಅಷ್ಟೇ. ಬೇಡವೆಂದ ಹುಡುಗಿಯ ಹಿಂದೆ ಬೀಳುವುದು, ಮೆಸೇಜ್ ಹಾಕುತ್ತಲೇ ಇರುವುದು 78ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲಾಗಬಹುದು.

18 ತುಂಬದಿದ್ದರೆ, ಮನಸಾರೆ ಒಪ್ಪಿದ್ದರೂ 2012ರ ಪೋಕ್ಸೊ ಕಾಯಿದೆಗೆ ಅದು ಲೆಕ್ಕಕ್ಕಿಲ್ಲ. 17ರ ಹುಡುಗಿಯ ಜೊತೆ ಓಡಿಹೋದ 19ರ ಹುಡುಗನ ಮೇಲೆ ದೈಹಿಕ ಸಂಬಂಧದ ಆರೋಪ ರುಜುವಾತಾದರೆ ಕನಿಷ್ಠ 10 ವರ್ಷ. ನಮ್ಮ ಪಿಯುಸಿ ಹುಡುಗರಿಗೆ ಈ ಲೆಕ್ಕ ತಿಳಿಯುವುದು ಪೊಲೀಸ್ ಠಾಣೆಯ ಬೆಂಚಿನ ಮೇಲೆ.

ಅಂಥದ್ದೇ ಒಂದು ಪ್ರಕರಣ 2022ರ ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠದ ಮುಂದಿತ್ತು. 17ರಲ್ಲಿ ಹುಡುಗನೊಬ್ಬನ ಜೊತೆ ಮನೆ ಬಿಟ್ಟಿದ್ದ ಹುಡುಗಿ ಆ ಹೊತ್ತಿಗೆ ಅವನನ್ನೇ ಮದುವೆಯಾಗಿ ತಾಯಿಯೂ ಆಗಿದ್ದಳು. 9ನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನು ತಿಳಿಸಿ, ಅದಕ್ಕೆ ಪಾಠ ಸಿದ್ಧಮಾಡಿ ಎಂದು ಪೀಠ ಶಿಕ್ಷಣ ಇಲಾಖೆಗೆ ಸೂಚಿಸಿತು. ಅದಕ್ಕೂ 15 ವರ್ಷ ಹಿಂದೆ, 2007ರಲ್ಲಿ, ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆಹಿಡಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಮಕ್ಕಳು ಕೆಟ್ಟುಹೋಗುತ್ತಾರೆಂಬ ದಿಗಿಲು. ಆಗಿನ್ನೂ ಹಳ್ಳಿ ಹುಡುಗರ ಕೈಗೆ ಸ್ಮಾರ್ಟ್‌ಫೋನ್ ಬಂದಿರಲಿಲ್ಲ. ಈಗ ಮೇಷ್ಟ್ರು ಹೇಳದ್ದನ್ನೆಲ್ಲ ಫೋನು ಹೇಳುತ್ತಿದೆ, ಅದೂ ಕೊಳಕಾಗಿ, ತಪ್ಪುತಪ್ಪಾಗಿ.

ಹಾಗಂತ ಜೈಲಿನ ಹೆದರಿಕೆಯೊಂದೇ ಪಾಠವಲ್ಲ. ಮೈಯ ಭಾಗಗಳ ಹೆಸರೇ ಬಾರದ ಮಗು, ಮುಟ್ಟಬಾರದ ಕಡೆ ಮಾವನೋ ಪಕ್ಕದ ಮನೆಯವನೋ ಮುಟ್ಟಿದರೆ ಏನಂತ ದೂರು ಹೇಳಬೇಕು? ಸಂತಾನೋತ್ಪತ್ತಿಯ ಪಾಠ ಬಂದಾಗ "ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ಮಗುಚಿದರೆ, ಮನೆಯಲ್ಲಿ ಯಾರನ್ನು ಕೇಳಬೇಕು? ಮಗಳಿಗೆ ನೂರು ಬುದ್ಧಿ ಹೇಳುತ್ತೇವೆ: ಕತ್ತಲಾಗುವ ಮೊದಲು ಬಾ, ನಗಬೇಡ, ದುಪಟ್ಟಾ ಹಾಕಿಕೋ. ಮಗನಿಗೆ ಒಂದನ್ನೂ ಹೇಳುವುದಿಲ್ಲ. "ನಿನಗೆ ಇಷ್ಟವಾ?" ಎಂದು ಕೇಳುವುದನ್ನೂ, "ಇಲ್ಲ" ಅಂದರೆ ಮುನಿಯದೆ ಹಿಂದೆ ಸರಿಯುವುದನ್ನೂ ಅವನಿಗೆ ಯಾರು ಕಲಿಸಬೇಕು?

ಬನ್ನಿ, ಕೇಳೋಣ. ನಿಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ನೀರು, ರಸ್ತೆ, ಶೌಚಾಲಯದ ಜೊತೆಗೆ ಮಕ್ಕಳು ಈ ಪಾಠವೂ ಬೇಕೆಂದು ಕೇಳಲಿ, ಪಿಡಿಒ ನಡಾವಳಿಯಲ್ಲಿ ಬರೆದುಕೊಳ್ಳಲಿ. ಎಸ್‌ಡಿಎಂಸಿ ಸಭೆಗೆ ಅಪ್ಪಂದಿರೂ ಬನ್ನಿ, ಒಂದು ಹೊತ್ತು ಮಗ್ಗ ನಿಂತರೂ ಪರವಾಗಿಲ್ಲ. ಹೈಕೋರ್ಟ್ ಹೇಳಿದ ಪಾಠ ನಮ್ಮ ಶಾಲೆಗೆ ಬಂತೇ ಎಂದು ಹೆಡ್‌ಮಾಸ್ಟರನ್ನು ಕೇಳಿ. ಹುಡುಗರನ್ನು ಆಟಕ್ಕೆ ಕಳಿಸಿ ಹುಡುಗಿಯರಿಗಷ್ಟೇ ಮಾಡುವ ಪಾಠ ಬೇಡ, ಇಬ್ಬರನ್ನೂ ಕೂರಿಸಿ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ, ಆಶಾ ಅಕ್ಕನ ಹತ್ತಿರ ವಿಚಾರಿಸಿ. ಮಗು ಕಷ್ಟದಲ್ಲಿದ್ದರೆ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಈ ಹಾಳೆಯನ್ನು ಕಡಲೆಕಾಯಿ ಪೊಟ್ಟಣ ಮಾಡಬೇಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಓದಲು ಕೊಡಿ, ಮಗಳಿಗಿಂತ ಮೊದಲು ಮಗನಿಗೆ.