ಕಾಲುವೆ ಕೆಳಗಿನ ಹೊಲ: ಮಾರಿದವರು, ಕೊಂಡವರು

ನಮ್ಮ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ, ಹುಣಸಗಿ ಸೀಮೆಯಲ್ಲಿ ‘ಕ್ಯಾಂಪ್’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆಂಧ್ರದ ಕೃಷ್ಣಾ, ಗೋದಾವರಿ, ಗುಂಟೂರಿನ ಸಮುದ್ರ ಸೀಮೆಯಿಂದ ಬಂದ ರೈತರು ಕಾಲುವೆ ಕೆಳಗೆ ಹೊಲ ಕೊಂಡು, ಅಲ್ಲೇ ಮನೆ ಕಟ್ಟಿಕೊಂಡು ಬೆಳೆಸಿದ ಊರು ಅದು. ಕ್ಯಾಂಪಿನವರ ಸುದ್ದಿ ಬಂದರೆ ಒಂದೇ ಕಟ್ಟೆಯ ಮೇಲೆ ಎರಡು ಮಾತು ಹುಟ್ಟುತ್ತವೆ. ‘ಅವರು ಬರದಿದ್ರ ಈ ಎರಿ ಹೊಲದಾಗ ಭತ್ತ ಬೆಳೀತದಂತ ಯಾರಿಗೆ ಗೊತ್ತಿತ್ತು?’ ಎಂಬುದು ಒಂದು. ‘ನಮ್ಮ ಹೊಲದಾಗ ನಾವೇ ಕೂಲಿ ಆದ್ವಿ’ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಆದ್ದರಿಂದಲೇ ಈ ವ್ಯವಹಾರವನ್ನು ನಿಧಾನವಾಗಿ ತೂಗಿ ನೋಡಬೇಕಾಗಿದೆ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಅದೇ ಯೋಜನೆಯ ನಾರಾಯಣಪುರದ ಬಸವಸಾಗರ ತುಂಬಿ ಎಡದಂಡೆ ಕಾಲುವೆಗೆ ನೀರು ಹರಿಯುವಷ್ಟರಲ್ಲಿ 80ರ ದಶಕ ಬಂದಿತ್ತು. ಅಲ್ಲಿಯವರೆಗೆ ಇಲ್ಲಿನದು ಮಳೆ ನೆಚ್ಚಿದ ಬದುಕು: ಜೋಳ, ಸಜ್ಜೆ, ತೊಗರಿ, ಶೇಂಗಾ, ಮಳೆ ಕೈಕೊಟ್ಟರೆ ಗುಳೇ. ಹೊಲದ ಮಗ್ಗುಲಲ್ಲಿ ನೀರು ಹರಿದರೂ ಅದನ್ನು ಹೊಲಕ್ಕೆ ಕಟ್ಟಲು ದುಡ್ಡು ಬೇಕು. ಏರುತಗ್ಗಿನ ನೆಲ ಸಮ ಮಾಡಬೇಕು, ಬದು ಹಾಕಬೇಕು, ಹೊಲಗಾಲುವೆ ತೋಡಬೇಕು. ಒಂದೆರಡು ಎತ್ತು, ಹತ್ತಿಪ್ಪತ್ತು ಎಕರೆ ಖುಷ್ಕಿ ಹೊಲ, ಸಾವ್ಕಾರನ ಸಾಲ ಇಷ್ಟೇ ಇದ್ದ ಮನೆಯಲ್ಲಿ ಆ ದುಡ್ಡು ಇರಲಿಲ್ಲ.

ಬಂದವರ ಕೈಯಲ್ಲಿ ದುಡ್ಡೂ ಇತ್ತು, ಅನುಭವವೂ ಇತ್ತು. ಆರ್ಥರ್ ಕಾಟನ್ ಮೇಲ್ವಿಚಾರಣೆಯಲ್ಲಿ ಧವಳೇಶ್ವರದ ಗೋದಾವರಿ ಅಣೆಕಟ್ಟು ಮುಗಿದದ್ದು 1852ರಲ್ಲಿ. ಕೆಲವೇ ವರ್ಷಗಳಲ್ಲಿ ವಿಜಯವಾಡದ ಕೃಷ್ಣಾ ಅಣೆಕಟ್ಟೂ ಎದ್ದಿತು. ನೂರು ವರ್ಷಕ್ಕೂ ಮಿಕ್ಕಿ ಕಾಲುವೆ ನೀರಿನಲ್ಲಿ ಭತ್ತ ಬೆಳೆದ ಸೀಮೆಯವರು ಅವರು. ನಿಜಾಮಸಾಗರ ಕಟ್ಟಿದಾಗ ನಿಜಾಮಾಬಾದಿಗೆ, ತುಂಗಭದ್ರೆಯ ನೀರು ಬಂದಾಗ ಗಂಗಾವತಿ, ಸಿಂಧನೂರಿಗೆ ಹೋದ ದಾರಿಯಲ್ಲೇ ಅವರು ಶಹಾಪುರ, ಸುರಪುರಕ್ಕೂ ಬಂದರು. ಅಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಅಣ್ಣತಮ್ಮಂದಿರಲ್ಲಿ ಪಾಲಾಗಿ ಹೊಲ ಚೂರಾದ ಮನೆಯವರಿಗೆ ಅದು ಬದುಕಿನ ಲೆಕ್ಕವೇ ಹೊರತು ದುರಾಸೆಯಲ್ಲ.

ಮಾರಿದವರ ಪರವಾಗಿಯೂ ಹೇಳುವುದಿದೆ. ಹೊಲ ಮಾರಿದವರೆಲ್ಲ ಮೋಸ ಹೋದರು ಎನ್ನುವುದು ಅವರ ಬುದ್ಧಿಗೆ ಮಾಡುವ ಅವಮಾನ. ಸಾಲ ತೀರಿಸಲು, ಮಗಳ ಮದುವೆ ಮಾಡಲು ಮಾರಿದವರಿದ್ದಾರೆ. ಎಂಟೆಕರೆಯಲ್ಲಿ ನಾಲ್ಕು ಮಾರಿ, ಬಂದ ಹಣದಲ್ಲಿ ಉಳಿದ ನಾಲ್ಕನ್ನು ಮಟ್ಟ ಮಾಡಿಸಿ ನೀರಾವರಿ ಮಾಡಿಕೊಂಡವರೂ ಇದ್ದಾರೆ. ಎರಡನೆಯವರ ಪಾಲಿಗೆ ಈ ಮಾರಾಟವೇ ಬ್ಯಾಂಕು. ಸಂವಿಧಾನದ 19ನೇ ವಿಧಿ ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ. ನಮ್ಮ ಜಿಲ್ಲೆಯ ಸಾವಿರಾರು ಜನ ಬೆಂಗಳೂರು, ಮುಂಬೈ, ಪುಣೆಗೆ ಹೋಗಿ ಬದುಕು ಕಟ್ಟಿಕೊಳ್ಳುವಾಗ ನೆಚ್ಚುವುದೂ ಅದೇ ಹಕ್ಕನ್ನು.

ಕ್ಯಾಂಪುಗಳಿಂದ ಆದ ಲಾಭ ಕಣ್ಣಿಗೆ ಕಾಣುವಂಥದ್ದು. ಜಾಲಿ ಬೆಳೆದ ಹೊಲ ಗದ್ದೆಯಾಯಿತು. ಹೆದ್ದಾರಿ ಬದಿಗೆ ಅಕ್ಕಿ ಗಿರಣಿ, ಗೊಬ್ಬರದಂಗಡಿ, ಟ್ರ್ಯಾಕ್ಟರ್ ರಿಪೇರಿ ಅಂಗಡಿಗಳು ಬಂದವು. ಸಸಿ ಮಡಿ ಹಾಕುವುದು, ನಾಟಿ ಹಚ್ಚುವುದು, ಕಳೆ ತೆಗೆಯುವುದನ್ನು ನಮ್ಮ ಹೆಣ್ಣುಮಕ್ಕಳು ಅಲ್ಲಿ ಕಲಿತರು. ಕಾಲುವೆಗೆ ನೀರಿದ್ದಷ್ಟು ದಿನ ಊರಿನಲ್ಲೇ ಕೂಲಿ ಸಿಕ್ಕಿತು. ನೋಡಿ ಕಲಿತು ಸ್ವಂತ ಗದ್ದೆ ಮಾಡಿದ ಸ್ಥಳೀಯ ರೈತರೂ ಕಡಿಮೆಯಿಲ್ಲ.

ಇನ್ನೊಂದು ತಟ್ಟೆಯಲ್ಲಿರುವುದೂ ಅಷ್ಟೇ ಭಾರ. ಮೊದಲನೆಯದು ಬೆಲೆಯ ಮಾತು. ಹೊಲ ಮಾರಾಟವಾದದ್ದು ಖುಷ್ಕಿ ದರದಲ್ಲಿ, ಫಲ ಕೊಟ್ಟದ್ದು ನೀರಾವರಿ ದರದಲ್ಲಿ. ಆ ನಡುವಿನ ಅಂತರ ಕೊಂಡವರ ದುಡಿಮೆಯಿಂದ ಮಾತ್ರ ಹುಟ್ಟಿದ್ದಲ್ಲ. ಅಣೆಕಟ್ಟೆಗೆ ಸುರಿದ ಸಾರ್ವಜನಿಕ ಹಣದಿಂದ, ಮುಳುಗಡೆಯಾದ ಊರುಗಳ ತ್ಯಾಗದಿಂದ ಹುಟ್ಟಿದ್ದು. ಅದರಲ್ಲಿ ಮಾರಿದವನಿಗೆ ಸಿಕ್ಕ ಪಾಲು ತೀರ ಕಡಿಮೆ. ದರ ಏರಿದ ಮೇಲೆ ಅವನ ಮಗ ಅದೇ ಊರಿನಲ್ಲಿ ಒಂದೆಕರೆ ಕೊಳ್ಳುವುದೂ ಕಷ್ಟವಾಯಿತು.

ಎರಡನೆಯದು ನೀರಿನ ಮಾತು. ಕೃಷ್ಣಾ ಮೇಲ್ದಂಡೆಯನ್ನು ರೂಪಿಸಿದ್ದು ಲಘು ನೀರಾವರಿ ಬೆಳೆಗಳಿಗೆ. ಮೊದಲ ಹಂತದ 119 ಟಿಎಂಸಿ, ಎರಡನೆಯ ಹಂತದ 54 ಟಿಎಂಸಿ ನೀರಿನಲ್ಲಿ 6.22 ಲಕ್ಷ ಹೆಕ್ಟೇರಿಗೆ ಉಣಿಸಬೇಕೆಂಬ ಲೆಕ್ಕದಲ್ಲಿ ಭತ್ತಕ್ಕೆ ಜಾಗವಿರಲಿಲ್ಲ. ಕಾಲುವೆಯ ತಲೆಭಾಗದಲ್ಲಿ ಭತ್ತ ಹಬ್ಬಿದಷ್ಟೂ ಕೊನೆಭಾಗದ ರೈತ ಬತ್ತಿದ ಕಾಲುವೆ ನೋಡುತ್ತ ಕೂತ. ತಗ್ಗಿನ ಎರಿ ಹೊಲಗಳಿಗೆ ಬಸಿನೀರು ಇಳಿದು ಸವಳು-ಜವಳು ಹಿಡಿಯಿತು. ಹಿಂಗಾರಿಗೆ ನೀರು ಬಿಡುವ ಹೊತ್ತಿಗೆ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ನೀರು ಬಿಡುವ, ನಿಲ್ಲಿಸುವ ‘ಚಾಲೂ-ಬಂದ್’ ದಿನಗಳ ಬಗ್ಗೆ ಏಳುವ ಜಗಳದ ಬೇರು ಇಲ್ಲೇ ಇದೆ.

ಆದರೆ ಈ ತಪ್ಪನ್ನು ಕ್ಯಾಂಪಿನವರ ತಲೆಗೇ ಕಟ್ಟುವುದು ಸರಿಯಲ್ಲ. ಭತ್ತಕ್ಕೆ ಗಿರಣಿ ಇದೆ, ಖರೀದಿದಾರ ಇದ್ದಾನೆ ಎಂದು ಕಂಡ ಸ್ಥಳೀಯರೂ ಅದೇ ಬೆಳೆಗೆ ತಿರುಗಿದರು. ಬೆಳೆ ಪದ್ಧತಿ ಉಲ್ಲಂಘಿಸಬಾರದೆಂದು ಪ್ರತಿವರ್ಷ ಪ್ರಕಟಣೆ ಹೊರಡಿಸಿ, ಉಲ್ಲಂಘಿಸಿದವರಿಗೂ ನೀರು ಬಿಟ್ಟ ಆಡಳಿತ ಮೊದಲು ಉತ್ತರ ಕೊಡಬೇಕು. 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಪ್ರಧಾನಿ ಉದ್ಘಾಟಿಸಿದ ಎಡದಂಡೆ ಕಾಲುವೆ ಆಧುನೀಕರಣಕ್ಕೆ ಸುಮಾರು 4,700 ಕೋಟಿ ರೂಪಾಯಿ ಖರ್ಚಾಗಿದೆ. ಗೇಟಿಗೆ ಯಂತ್ರ ಕೂಡಿಸಬಹುದು. ಯಾರ ಹೊಲಕ್ಕೆ ಎಷ್ಟು ನೀರು ಎಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲ.

ಕಾನೂನು ಏನು ಮಾಡಿತು? ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರು ಹೊಲ ಕೊಳ್ಳದಂತೆ ತಡೆಯುತ್ತಿದ್ದವು. ಬಂದವರು ಅಪ್ಪಟ ಕೃಷಿಕರಾದ್ದರಿಂದ ಆ ಬೇಲಿ ಅವರಿಗೆ ಅಡ್ಡವಾಗಲಿಲ್ಲ. 2020ರಲ್ಲಿ ರಾಜ್ಯ ಆ ಬೇಲಿಯನ್ನೇ ಕಿತ್ತಿತು. ಸಂವಿಧಾನದ 371(ಜೆ) ವಿಧಿ ಶಿಕ್ಷಣ, ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಟ್ಟಿತು, ಭೂಮಿಯ ತಂಟೆಗೆ ಹೋಗಲಿಲ್ಲ. ಹಿಮಾಚಲ ಪ್ರದೇಶ ತನ್ನ 1972ರ ಕಾಯ್ದೆಯ 118ನೇ ಕಲಮಿನಿಂದ ಹೊರಗಿನವರ ಖರೀದಿಗೆ ಕಡಿವಾಣ ಹಾಕಿದೆ. ಅಂಥದ್ದೊಂದು ನಮಗೂ ಬೇಕು ಎನ್ನುವವರಿದ್ದಾರೆ. ಅದು ಬಂದರೆ ಹೊಲ ಉಳಿದೀತು, ನಿಜ. ಆದರೆ ಅಡಚಣೆಯಲ್ಲಿರುವ ರೈತನಿಗೆ ಗಿರಾಕಿ ತಪ್ಪಿ, ಊರಿನ ಸಾವ್ಕಾರನೊಬ್ಬನೇ ದರ ಕಟ್ಟುವ ಕಾಲ ಮರಳೀತು.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಹೊಲಗಳ ಮಾತು ಬೇರೆ. 1978ರ ಪಿಟಿಸಿಎಲ್ ಕಾಯ್ದೆ ಅವುಗಳ ಪರಭಾರೆಯನ್ನು ತಡೆಯಿತು. ಬಹಳ ತಡವಾಗಿ ಬಂದ ಮರುವಶ ಅರ್ಜಿಗಳನ್ನು ಒಪ್ಪಲಾಗದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರ ತಿದ್ದುಪಡಿಯಲ್ಲಿ ರಾಜ್ಯ ಕಾಲಮಿತಿ ಇಲ್ಲವೆಂದಿತು. ಕಳಕೊಂಡವರಿಗೆ ಇದು ನ್ಯಾಯ. ಇಪ್ಪತ್ತು ಮೂವತ್ತು ವರ್ಷ ದುಡಿದು ಗದ್ದೆ ಮಾಡಿದವರಿಗೆ ಇದು ದಿಗಿಲು. ಆದರೂ ಇಲ್ಲಿ ತಕ್ಕಡಿ ಸರ್ಕಾರದಿಂದ ಹೊಲ ಪಡೆದವರ ಕಡೆಗೇ ವಾಲಬೇಕು. ಆ ಹೊಲವನ್ನು ಕೊಟ್ಟದ್ದೇ ಕೈತಪ್ಪಿ ಹೋಗಬಾರದೆಂದು.

ನನ್ನ ಮಟ್ಟಿಗೆ ಪ್ರಶ್ನೆ ಇರುವುದು ಹೊರಗಿನವರು ಬರಬಹುದೇ ಎಂಬುದರಲ್ಲಲ್ಲ, ಅವರ ಜೊತೆ ಮಾರಾಟವೊಂದೇ ವ್ಯವಹಾರವಾಗಬೇಕೇ ಎಂಬುದರಲ್ಲಿ. ಕೃಷಿ ಭೂಮಿಯ ಗೇಣಿಯನ್ನು ನಮ್ಮ ಭೂಸುಧಾರಣಾ ಕಾಯ್ದೆ ನಿಷೇಧಿಸಿದೆ. ಹಾಗಿದ್ದೂ ‘ಲೀಸ್’ ಎಲ್ಲೆಡೆ ಬಾಯಿಮಾತಿನಲ್ಲೇ ನಡೆಯುತ್ತದೆ. ಪಹಣಿಯಲ್ಲಿ ಹೆಸರಿಲ್ಲದ ಲೀಸುದಾರನಿಗೆ ಬೆಳೆಸಾಲವಿಲ್ಲ, ಬೆಳೆ ಹಾಳಾದರೆ ಪರಿಹಾರ ಹೊಲದ ಒಡೆಯನ ಖಾತೆಗೆ. ಕ್ಯಾಂಪುಗಳಲ್ಲೂ ಇಂಥ ಬರಿಗೈ ಲೀಸುದಾರರಿದ್ದಾರೆ ಎಂಬುದನ್ನು ನಾವು ಮರೆಯುತ್ತೇವೆ. ಒಡೆಯನಿಗೂ ಹೊಲ ಕೈಬಿಟ್ಟೀತೆಂಬ ಅಂಜಿಕೆ. 2016ರಲ್ಲಿ ನೀತಿ ಆಯೋಗ ಸಿದ್ಧಪಡಿಸಿದ ಮಾದರಿ ಕಾಯ್ದೆ ಗೇಣಿಯನ್ನು ಕಾಗದದ ಮೇಲೆ ತರುವ ದಾರಿ ತೋರಿಸಿತ್ತು. ದೊಡ್ಡ ಕಂಪನಿಗಳು ಆ ದಾರಿಯಲ್ಲಿ ನುಗ್ಗಿಯಾವು ಎಂಬ ಆತಂಕ ಸುಳ್ಳಲ್ಲ. ಅದಕ್ಕೆ ಎಕರೆಯ ಮಿತಿ, ವರ್ಷದ ಮಿತಿ ಹಾಕಬಹುದು. ಕಾಲುವೆ ಬಂದ ದಿನಗಳಲ್ಲೇ ಹತ್ತು ವರ್ಷದ ನೋಂದಾಯಿತ ಗೇಣಿಗೆ ಅವಕಾಶವಿದ್ದಿದ್ದರೆ ಹೊಲ ಗದ್ದೆಯಾಗುತ್ತಿತ್ತು, ವಿದ್ಯೆ ಕೈದಾಟುತ್ತಿತ್ತು, ಏರಿದ ಬೆಲೆ ಮಾತ್ರ ಒಡೆಯನಲ್ಲೇ ಉಳಿಯುತ್ತಿತ್ತು.

ಇದು ಹಳೆಯ ಲೆಕ್ಕದ ಮಾತಷ್ಟೇ ಅಲ್ಲ. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾದ ಮೇಲೆ ಭೀಮೆಯ ಈಚೆಗೆ, ಯಾದಗಿರಿ ಕಡೆಗೂ ಗಿರಾಕಿಗಳು ಬಂದಿದ್ದಾರೆ. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಮೂರು ಸಾವಿರಕ್ಕೂ ಹೆಚ್ಚು ಎಕರೆ ಹೋಯಿತು. ಜಿಲ್ಲಾ ಕೇಂದ್ರದ ಸುತ್ತ ಹೊಲಗಳು ಎನ್‌ಎ (ಕೃಷಿಯೇತರ) ಆಗಿ ಪ್ಲಾಟುಗಳಾಗುತ್ತಿವೆ. ರಾಮಸಮುದ್ರದಂಥ ಊರಿನ ರೈತನ ಮುಂದೆ ಈಗ ಮುಂಗಡ ಹಿಡಿದು ನಿಂತವನು ಭತ್ತ ಬೆಳೆಯುವವನಲ್ಲ, ಸೈಟು ಮಾರುವವನು. ಕ್ಯಾಂಪಿನ ರೈತ ಕೊಂಡ ಹೊಲದಲ್ಲಿ ಕೂಲಿಯಾದರೂ ಉಳಿದಿತ್ತು. ಲೇಔಟ್ ಆದ ಹೊಲದಲ್ಲಿ ಅದೂ ಉಳಿಯುವುದಿಲ್ಲ. 2011ರ ಜನಗಣತಿಯಂತೆ ಸಾಕ್ಷರತೆಯಲ್ಲಿ ರಾಜ್ಯಕ್ಕೇ ಕೊನೆಯದಾದ ಈ ಜಿಲ್ಲೆಯಲ್ಲಿ ಹೊಲ ಹೋದವನಿಗೆ ಬೇರೆ ಕಸುಬು ಸುಲಭವಾಗಿ ಸಿಗದು. ಹಾಗೆಂದು ಮಾರಬೇಡ ಎನ್ನಲು ನಾವು ಯಾರೂ ಅಲ್ಲ. ಮಾರುವ ಮೊದಲು ಅವನು ಕೇಳಬೇಕಾದದ್ದು ಇಂದಿನ ದರವನ್ನಲ್ಲ. ರಸ್ತೆ, ನೀರು, ಕಚೇರಿ ಬಂದ ಮೇಲೆ ಏರುವ ದರದಲ್ಲಿ ತನಗೆಷ್ಟು ಪಾಲು ಎಂಬುದನ್ನು. ಒಂದಷ್ಟು ಸೈಟನ್ನು ತನ್ನ ಹೆಸರಿನಲ್ಲೇ ಉಳಿಸಿಕೊಂಡು ವ್ಯವಹಾರ ಮಾಡುವ ರೈತ ಆ ಪಾಲನ್ನು ಪಡೆಯುತ್ತಾನೆ. ಶಹಾಪುರ, ಸುರಪುರದ ರೈತನಿಗೆ ಈ ಮಾತು ಹೇಳಿಕೊಡುವವರು ಆಗ ಯಾರೂ ಇರಲಿಲ್ಲ.